ಕರಿಗೇರಿನ ಗುರುತು

ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ರಿಪೇರಿಯ ಪಕ್ಕ
ತಗಡಿನ ಬಾಗಿಲು. ಬೋರ್ಡಿಲ್ಲ.
ಇದ್ದಿಲಿನ ವಾಸನೆ ಹಿಡಿದು ಬನ್ನಿ, ಅಲ್ಲೇ ಇರುತ್ತೇನೆ
ನಿಂಗಾಜಮ್ಮ,
ಎಲ್ಲರ ಬಟ್ಟೆಯ ಒಳಮೈ ಬಲ್ಲವಳು.

ಹೊರಮೈ ನಿಮಗೆ ಗೊತ್ತು.
ಮಂದಣ್ಣನವರ ಕರಿಯ ಕುಪ್ಯ, ನಡುವಿಗೆ ಕೆಂಪು ಚೇಲೆ,
ಪೀಚೆಕತ್ತಿ ಸಿಕ್ಕಿಸಿ ನಿಂತರೆ ಫೋಟೋದವನು ಓಡಿ ಬರುತ್ತಾನೆ.
ನನಗೆ ಗೊತ್ತಿರುವುದು ಕಂಕುಳಲ್ಲಿ ಬಿಳಿಚಿದ ಉಪ್ಪು,
ಒರೆ ಉಜ್ಜಿ ಉಜ್ಜಿ ತೆಳುವಾದ ಜಾಗ.
ಬೊಳ್ಳಮ್ಮನ ಸೀರೆಯ ನೆರಿಗೆ ಬೆನ್ನಿಗೆ ಬೀಳುತ್ತದೆ,
ಕಾವೇರಿ ಹರಿದ ರಭಸಕ್ಕೆ ಹಿಂದೆ ಸರಿಯಿತಂತೆ.
ಪಿರಿಯಾಪಟ್ಟಣದಿಂದ ಮದುವೆಯಾಗಿ ಬಂದ ಹೊಸತರಲ್ಲಿ
ಮುಂದಿನ ನೆರಿಗೆಯೆಂದು ತೀಡಿ ಬೈಸಿಕೊಂಡೆ.
ನದಿ ತಿದ್ದಿದ್ದನ್ನು ನೀನು ತಿದ್ದಬೇಡ, ಅಂದರು ಅತ್ತೆ.

ಸೇತುವೆಯಾಚೆಯ ಮಠದಿಂದ ಜಿನ್ಪಾ ತರುವ ಹಳದಿ ವಸ್ತ್ರ
ತುಂಡಿಗೆ ತುಂಡು ಹೊಲಿದದ್ದು.
ಪಾಪ, ತೇಪೆಯೆಂದು ಮೊದಲು ಮರುಗಿದೆ.
'ಅಲ್ಲಮ್ಮ, ಗದ್ದೆ ಇದು, ಬದು ನೋಡಿ' ಎಂದು
ಹೊಲಿಗೆಯ ಮೇಲೆ ಬೆರಳು ನಡೆಸಿದ,
ಹದಿನಾರರ ಹುಡುಗ, ಎಲ್ಲಿಯ ಗದ್ದೆ ಕಂಡಿದ್ದನೋ.
ಅಂದಿನಿಂದ ಇಸ್ತ್ರಿಯನ್ನು ಬದುವಿನ ಮೇಲೇ ನಡೆಸುತ್ತೇನೆ,
ಪೈರು ತುಳಿಯದ ಹಾಗೆ.

ಭಟ್ಟರ ಮನೆಯ ಮಡಿ ಮಾತ್ರ ನನ್ನಲ್ಲಿಗೆ ಬಂದದ್ದಿಲ್ಲ.
ನಾನು ಮುಟ್ಟಿದರೆ ಅದು ಮಡಿಯಲ್ಲ, ಬರೀ ಒಗೆದ ಬಟ್ಟೆ.
ಮಡಿವಾಳ ಎಂಬ ಹೆಸರಿನೊಳಗೇ ಮಡಿ ಇದೆ,
ಕೂಗುವಾಗ ಯಾರಿಗೂ ಕೇಳಿಸುವುದಿಲ್ಲ.
ಇರಲಿ. ಅವರ ಪ್ಯಾಂಟು ಬರುತ್ತದೆ.

ಎಲ್ಲಕ್ಕೂ ಒಳಗಡೆ, ಕೊರಳ ಹಿಂದೆ, ಇಲ್ಲಾ ಅಂಚಿನ ಮಡಿಕೆಯಲ್ಲಿ
ಕರಿಗೇರಿನ ರಸದಲ್ಲಿ ನನ್ನ ಗುರುತು.
ಮಂದಣ್ಣನವರಿಗೆ ಎರಡು ಚುಕ್ಕೆ, ಜಿನ್ಪಾಗೆ ಚುಕ್ಕೆಯ ಮೇಲೊಂದು ಗೀಟು,
ಸಿಸ್ಟರ್ ಬೆನೆಡಿಕ್ಟಾರ ತಲೆವಸ್ತ್ರಕ್ಕೆ ಗುಣಾಕಾರದ ಚಿಹ್ನೆ.
'ಸ್ವಲ್ಪ ನೆಟ್ಟಗೆ ಮಾಡಿದ್ದರೆ ಶಿಲುಬೆಯೇ ಆಗುತ್ತಿತ್ತಲ್ಲ' ಎಂದು ನಕ್ಕಿದ್ದರು.
ಯಾವ ಒಗೆತಕ್ಕೂ ಹೋಗದು.
ಬಣ್ಣ ಮಾಸಿ, ನೂಲು ಸವೆದು, ನೆಲ ಒರೆಸುವ ಚಿಂದಿಯಾದರೂ
ಚುಕ್ಕೆ ಇರುತ್ತದೆ.

ಮೊಯ್ದು ಹಾಜಿಯವರು ಗುರುತು ಬೇಡ ಎಂದರು.
ಎರಡು ಬಿಳಿ ತುಂಡು, ಹೊಲಿಗೆ ಇಲ್ಲ, ಗುಂಡಿ ಇಲ್ಲ.
ಮಕ್ಕಾದಲ್ಲಿ ಉಟ್ಟದ್ದು. ವರ್ಷಕ್ಕೊಮ್ಮೆ ಒಗೆಸಿ
ಟ್ರಂಕಿನಲ್ಲಿಡುತ್ತಿದ್ದರು, ಕೊನೆಗೂ ಅದೇ ಆಗಲಿ ಎಂದು.
'ಅಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ' ಎನ್ನುವಾಗ
ಅವರ ಮುಖ ಮಗುವಿನದಾಗುತ್ತಿತ್ತು.
ಮಂದಣ್ಣನವರ ಮನೆಯಲ್ಲೂ ಒಂದು ಬಿಳಿ ಕುಪ್ಯವಿದೆ,
ಮದುಮಗನಾದಾಗೊಮ್ಮೆ, ಸತ್ತಾಗೊಮ್ಮೆ.
ನಾನು ಒಗೆದದ್ದು ಒಂದೇ ಸಲ.

ಏಪ್ರಿಲ್ಲಿನ ಮದುವೆ ವಾರ, ಕೈಗೆ ಬಿಡುವಿಲ್ಲ.
ಬಾನಿಯಲ್ಲಿ ನೆನೆಹಾಕಿ ಬಂದೆ. ಗುರುತಿಲ್ಲದ ಬಿಳಿಯ ಅಡಿಯಲ್ಲಿ
ಹೊಸ ಚೇಲೆಯೊಂದು ಸೇರಿಕೊಂಡಿತ್ತು.
ನಿಂಬೆ, ಸೋಡಾ, ನೀಲಿ, ಮೂರು ದಿನದ ಬಿಸಿಲು.
ಒಂದು ಮೂಲೆಯಲ್ಲಿ ಉಳಿಯಿತು, ಬೆರಳ ತುದಿಯಷ್ಟು,
ಎಲೆಯಡಿಕೆ ಹಾಕಿದವರ ತುಟಿಯ ಬಣ್ಣ.

ನಾನೇ ತೆಗೆದುಕೊಂಡು ಹೋದೆ.
ಹಾಜಿಯವರು ಕಿಟಕಿಯ ಬೆಳಕಿಗೆ ಹಿಡಿದರು,
ಕನ್ನಡಕ ಒರೆಸಿ ಮತ್ತೆ ಹಿಡಿದರು.
'ಗುರುತು ಬೇಡ ಅಂದಿದ್ದೆನಲ್ಲ, ನಿಂಗಾಜಮ್ಮ.'
ಅಷ್ಟೇ.
ಕೂಲಿ ಕೊಟ್ಟರು. ನಾನು ಇಸಕೊಳ್ಳಲಿಲ್ಲ.
ಮೇಜಿನ ಮೇಲಿಟ್ಟರು. ಅದು ಅಲ್ಲೇ ಉಳಿಯಿತು.

ಮುಂದಿನ ವರ್ಷ ಬಟ್ಟೆ ಬರಲಿಲ್ಲ.
ಅದರ ಮುಂದಿನ ವರ್ಷ ಹಾಜಿಯವರು ಹೋದರು.
ಯಾವ ಬಿಳಿಯಲ್ಲಿ ಹೋದರೋ ನಾನು ಕೇಳಲಿಲ್ಲ.
ರಸ್ತೆ ಬದಿಯಲ್ಲಿ ನಿಂತು ನೋಡಿದೆ,
ಮಂದಣ್ಣನವರು ಮಾಸಲು ಶರ್ಟಿನಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದರು.

ನಿನ್ನೆ ಹಾಜಿಯವರ ಮೊಮ್ಮಗ ಶಾಲೆಯ ಯೂನಿಫಾರ್ಮ್ ತಂದ.
ಗುರುತು ಹಾಕಲಾ, ಎಂದೆ.
'ಹಾಕಿ. ಇಲ್ಲದಿದ್ದರೆ ಕಳೆದುಹೋಗುತ್ತದೆ.'
ಕಡ್ಡಿ ಅದ್ದುವಾಗ ಸೆರಗು ಜಾರಿ ಕಂಡಿತು ಮಣಿಕಟ್ಟು,
ಇಸ್ತ್ರಿ ಪೆಟ್ಟಿಗೆ ಸುಟ್ಟ ಕಮಾನು, ಬಳೆಯ ಪಕ್ಕದಲ್ಲೊಂದು ಬಳೆ.
'ಅದು ಯಾರು ಹಾಕಿದ್ದು?' ಎಂದ ಹುಡುಗ.

ಸೋಮವಾರ ಬಾ, ಬಟ್ಟೆ ಆಗಿರುತ್ತದೆ, ಎಂದೆ.